ಹಳೆ ಜೀಪಿಗೆ ವಯಸ್ಸಲ್ಲ, ನೀರೇ ಶತ್ರು

ಗುಜರಿ ಅಂಗಡಿಯಲ್ಲಿ ಬಿದ್ದಿರುವ ಜೀಪುಗಳನ್ನು ಒಮ್ಮೆ ಬಗ್ಗಿ ನೋಡಿ. ಎಂಜಿನು ಸತ್ತೇ ಅಲ್ಲಿಗೆ ಬಂದವು ಕಡಿಮೆ. ಒಂದರ ಚಾಸಿಸ್ ತುಕ್ಕು ತಿಂದು ಹೋಗಿರುತ್ತದೆ. ಇನ್ನೊಂದರ ಡಿಫರೆನ್ಷಿಯಲ್ಲಿಗೆ ನೀರು ಹೊಕ್ಕು ಹಲ್ಲು ಉದುರಿರುತ್ತದೆ. ಮತ್ತೊಂದು ಬ್ರೇಕು ಸರಿಯಿಲ್ಲವೆಂದು ಕೊಟ್ಟಿಗೆ ಬದಿಯಲ್ಲಿ ನಿಂತದ್ದು, ನಿಂತಲ್ಲೇ ಮಣ್ಣಾಗಿದೆ. ಇವೆಲ್ಲ ಮುಪ್ಪಿನ ಸಾವಲ್ಲ, ಸಣ್ಣ ಕೆಲಸವನ್ನು ನಾಳೆಗೆ ತಳ್ಳಿದ್ದರ ಸಾವು.

ಘಟ್ಟದ ಮೇಲೆ, ಕೆಳಗೆ ಎರಡೂ ಕಡೆಯ ತೋಟದ ಮನೆಗಳಿಗೆ ಜೀಪು ಶೋಕಿಯ ವಾಹನವಲ್ಲ. ಗೊಬ್ಬರ, ಅಡಿಕೆ ಮೂಟೆ, ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಶಾಲೆಯ ಮಕ್ಕಳು ಎಲ್ಲದಕ್ಕೂ ಅದೇ ಆಧಾರ. ಆಷಾಢದ ರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಡಾಂಬರು ರಸ್ತೆವರೆಗೆ ಒಯ್ಯುವುದು ಅದೇ. ಹೊಸ ಫೋರ್ ವೀಲ್ ಗಾಡಿಯ ಬೆಲೆ ಸಣ್ಣ ಹಿಡುವಳಿದಾರನ ಕೈಗೆಟಕುವುದಿಲ್ಲ. ಇರುವ ಜೀಪನ್ನೇ ಇನ್ನೊಂದು ಹತ್ತು ವರ್ಷ ಓಡಿಸುವುದು ನಮಗಿರುವ ದಾರಿ.

ಜೀಪಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಹಳೆ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಕಂಪ್ಯೂಟರ್ ಜೋಡಿಸಿ ದೋಷ ಹುಡುಕಲು ಕಲಿತ ಹುಡುಗರಿಗೆ ಕಿಂಗ್ ಪಿನ್ ತೋರಿಸಿದರೆ ತಲೆ ಕೆರೆದುಕೊಳ್ಳುತ್ತಾರೆ. ಆದ ಕಾರಣ ಪಾಲನೆಯ ಕೆಲಸವನ್ನಾದರೂ ನಾವು ಕಲಿಯದೆ ಬೇರೆ ಉಪಾಯವಿಲ್ಲ. ಪಂಪ್‌ಸೆಟ್ಟು ಬಿಚ್ಚಿ ಕಟ್ಟುವ ಕೃಷಿಕನಿಗೆ ಇದೇನೂ ಬ್ರಹ್ಮವಿದ್ಯೆ ಅಲ್ಲ.

ನಿಮ್ಮ ಜೀಪು ಯಾವುದು?

ಅಮೆರಿಕದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪೆನಿ ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಆಮೇಲೆ ಮಾದರಿಗಳು ಬದಲಾದವು, ಪೆಟ್ರೋಲ್ ಎಂಜಿನು ಹೋಗಿ ಡೀಸೆಲ್ ಬಂತು. ಆದರೆ ಕೆಳಗಿನ ಕಟ್ಟು ಬಹಳ ಕಾಲ ಅದೇ ಉಳಿಯಿತು: ಏಣಿಯಂಥ ಚಾಸಿಸ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗು, ಗಟ್ಟಿ ಆಕ್ಸಲ್ ಹೌಸಿಂಗು. ರಿಪೇರಿ ಸುಲಭವಾಗಿರುವುದು ಇದರಿಂದಲೇ.

ಎಂಎಂ 540ಯಲ್ಲಿ ಪ್ಯೂಜೊ ಡೀಸೆಲ್ ಎಂಜಿನು, ಡಿಐ ಎಂದು ಬರೆದವುಗಳಲ್ಲಿ ಡೈರೆಕ್ಟ್ ಇಂಜೆಕ್ಷನ್ ಎಂಜಿನು. ಪ್ಯೂಜೊ ಎಂಜಿನಿಗೆ ಹೀಟರ್ ಪ್ಲಗ್ಗು ಉಂಟು. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ ಮೊದಲು ಅದನ್ನೇ ನೋಡಬೇಕು. ಎಷ್ಟೋ ಜೀಪುಗಳಲ್ಲಿ ಮೂಲ ಎಂಜಿನೇ ಇಲ್ಲ, ಹಿಂದಿನ ಯಜಮಾನ ಬದಲಿಸಿರುತ್ತಾನೆ. ಅಂಗಡಿಗೆ ಹೋಗಿ "ಜೀಪಿನದು ಕೊಡಿ" ಎಂದರೆ ಸಾಲದು. ಎಂಜಿನು, ಗೇರ್‌ಬಾಕ್ಸು, ಆಕ್ಸಲ್ ಯಾವುದೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ಸಾಮಾನು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ.

ಸ್ಪ್ಯಾನರಿನ ವಿಷಯವೂ ಇಲ್ಲೇ ಹೇಳಬೇಕು. ಕೆಳಗಿನ ಕಟ್ಟು ಅಮೆರಿಕದ್ದಾದ್ದರಿಂದ ಹಳೆಯ ನಟ್ಟು ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚು, ಒಂಬತ್ತು-ಹದಿನಾರು, ಮುಕ್ಕಾಲು ಹೆಚ್ಚು ಬೇಕಾಗುವಂಥವು. ಪ್ಯೂಜೊ ಎಂಜಿನಿನಲ್ಲಿ ಮಿಲಿಮೀಟರ್ ಅಳತೆ. ಅರ್ಧ ಇಂಚಿನ ನಟ್ಟಿಗೆ 13ರ ಸ್ಪ್ಯಾನರು ಹಾಕಿದರೆ ಸರಿಹೋದಂತೆ ಕಾಣುತ್ತದೆ, ತುಕ್ಕು ಹಿಡಿದಿದ್ದರೆ ಮೂಲೆ ಉರುಟಾಗುತ್ತದೆ. ಎರಡೂ ಅಳತೆಯ ರಿಂಗ್ ಸ್ಪ್ಯಾನರು ಇರಲಿ. ಇವುಗಳ ಜತೆ ಗ್ರೀಸ್ ಗನ್, ಒಳ್ಳೆಯ ಜಾಕು, ಎರಡು ಸ್ಟ್ಯಾಂಡು, ಸುತ್ತಿಗೆ, ವಯರ್ ಬ್ರಶ್ ಇದ್ದರೆ ಮುಕ್ಕಾಲು ಪಾಲು ಕೆಲಸ ಅಂಗಳದಲ್ಲೇ ಆಗುತ್ತದೆ.

ಅಡಿಗೆ ನುಗ್ಗುವ ಮೊದಲು

ಇದನ್ನು ಎರಡು ಸಲ ಓದಿ. ಹಳೆಯ ವಿಲ್ಲಿಸ್ ಕಟ್ಟಿನ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟು ಶುರುವಾಗುವಲ್ಲಿ ಇದೆ. ಅದು ಹಿಡಿಯುವುದು ಶಾಫ್ಟನ್ನು. ಹಿಂದಿನ ಒಂದು ಚಕ್ರವನ್ನು ಜಾಕಿನಲ್ಲಿ ಎತ್ತಿದಿರೋ, ಡಿಫರೆನ್ಷಿಯಲ್ ದೆಸೆಯಿಂದ ಎತ್ತಿದ ಚಕ್ರ ಒಂದು ಕಡೆಗೆ, ನೆಲದಲ್ಲಿರುವ ಚಕ್ರ ಇನ್ನೊಂದು ಕಡೆಗೆ ತಿರುಗಬಲ್ಲವು. ಹ್ಯಾಂಡ್ ಬ್ರೇಕು ಎಳೆದಿದ್ದರೂ, ಗೇರಿನಲ್ಲಿದ್ದರೂ ಜೀಪು ಉರುಳಬಹುದು. ಕೆಳಗೆ ಮನುಷ್ಯ ಇದ್ದರೆ ಕಥೆ ಮುಗಿದಂತೆ.

ಆದ್ದರಿಂದ ಜಾಕು ಇಡುವ ಮೊದಲೇ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಮರದ ಗುಟ್ಟ ಕೊಡಿ. ಸಮತಟ್ಟು ಜಾಗದಲ್ಲೇ ಕೆಲಸ ಮಾಡಿ. ಜಾಕು ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಎತ್ತಿದ ಮೇಲೆ ಚಾಸಿಸ್ ಅಡಿಗೆ ಸ್ಟ್ಯಾಂಡು, ಇಲ್ಲವಾದರೆ ಅಗಲವಾದ ಗಟ್ಟಿ ಮರದ ದಿಮ್ಮಿ ಇಡಿ. ಮುರಕಲ್ಲು, ಇಟ್ಟಿಗೆ, ಸಿಮೆಂಟ್ ಇಟ್ಟಿಗೆ ಖಂಡಿತ ಬೇಡ. ಅವು ಸೂಚನೆ ಕೊಡದೆ ಒಡೆಯುತ್ತವೆ.

ಗ್ರೀಸ್ ಗನ್ ಎಂಬ ಮೊದಲ ಮದ್ದು

ಜೀಪಿನ ಅಡಿಯಲ್ಲಿ ಅಲ್ಲಲ್ಲಿ ಸಣ್ಣ ಮೊಲೆಯಂಥ ನಿಪ್ಪಲುಗಳಿವೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಲ್ಲಿ, ಶಾಫ್ಟಿನ ಜಾರುವ ಜಾಯಿಂಟಿನಲ್ಲಿ, ಸ್ಪ್ರಿಂಗ್ ಶ್ಯಾಕಲ್‌ಗಳಲ್ಲಿ, ಸ್ಟೇರಿಂಗ್ ರಾಡುಗಳ ತುದಿಯಲ್ಲಿ, ಕ್ಲಚ್ಚಿನ ಅಡ್ಡ ಶಾಫ್ಟಿನಲ್ಲಿ. ಎಲ್ಲವೂ ಎಲ್ಲ ಮಾದರಿಯಲ್ಲಿ ಇರುವುದಿಲ್ಲ. ಮೊದಲ ಸಲ ವಯರ್ ಬ್ರಶ್ ಹಿಡಿದು ಮಣ್ಣು ಕೆರೆದು ಒಂದೊಂದನ್ನೇ ಹುಡುಕಿ, ಲೆಕ್ಕ ಬರೆದಿಡಿ. ಮಣ್ಣಿನಡಿ ಹೂತುಹೋದ ನಿಪ್ಪಲು ಹತ್ತು ವರ್ಷದಿಂದ ಗ್ರೀಸ್ ಕಾಣದೆ ಇರಬಹುದು.

ಗ್ರೀಸ್ ಹೊಡೆಯುವುದು ಬರೇ ನುಣುಪಿಗಲ್ಲ. ಒಳಗಿನ ನೀರನ್ನೂ ಕೆಸರನ್ನೂ ಹೊರಗೆ ತಳ್ಳುವುದು ಅದರ ದೊಡ್ಡ ಕೆಲಸ. ನಿಪ್ಪಲಿನ ತಲೆ ಬಟ್ಟೆಯಲ್ಲಿ ಒರೆಸಿ, ಹಳೆ ಕಪ್ಪು ಗ್ರೀಸ್ ಹೊರಬಂದು ಹೊಸತು ಕಾಣುವವರೆಗೆ ಹೊಡೆಯಿರಿ. ಕ್ರಾಸಿನಲ್ಲಿ ನಾಲ್ಕು ಬಟ್ಟಲುಗಳಿವೆ, ನಾಲ್ಕರಿಂದಲೂ ಗ್ರೀಸ್ ಬರಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಒಳದಾರಿ ಕಟ್ಟಿದೆ ಎಂದರ್ಥ. ಆ ಒಂದೇ ಬಟ್ಟಲು ಒಣಗಿ, ತುಕ್ಕು ಹಿಡಿದು, ಮುಂದೊಂದು ದಿನ ಶಾಫ್ಟು ಕಳಚಿ ಬೀಳುತ್ತದೆ. ಜಾರುವ ಜಾಯಿಂಟಿಗೆ ಮಾತ್ರ ಮೂರು ನಾಲ್ಕು ಸಲ ಒತ್ತಿದರೆ ಸಾಕು. ಹೆಚ್ಚಾದರೆ ಒಳಗಿನ ಒತ್ತಡಕ್ಕೆ ತುದಿಯ ಮುಚ್ಚಳ ಹಾರುತ್ತದೆ.

ಬೇಸಗೆಯಲ್ಲಿ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ತೋಡು ತುಂಬಿ ಹರಿಯುವಾಗ ದಿನಾ ದಾಟುವವರು ವಾರಕ್ಕೊಮ್ಮೆ. ಅರ್ಧ ಗಂಟೆಯ ಕೆಲಸ.

ಗೇರು ಬದಲಿಸುವಾಗ ಅಡಿಯಿಂದ "ಟಕ್" ಎಂದರೆ ಕ್ರಾಸು ಸವೆದಿದೆ. ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ ನೋಡಿ. ಕ್ರಾಸು ಬದಲಿಸಲು ಶಾಫ್ಟು ಬಿಚ್ಚುವಾಗ ಜಾರುವ ಜಾಯಿಂಟಿನ ಎರಡೂ ಭಾಗಕ್ಕೆ ಪೈಂಟಿನಲ್ಲಿ ಗುರುತು ಹಾಕಿ. ಮರಳಿ ಕೂರಿಸುವಾಗ ಎರಡು ತುದಿಯ ಕವಲು ಒಂದೇ ಸಾಲಿನಲ್ಲಿ ಬರಬೇಕು. ಒಂದು ಹಲ್ಲು ತಪ್ಪಿದರೂ ಗಾಡಿ ನಡುಗುತ್ತದೆ.

ಹೌಸಿಂಗಿಗೆ ನೀರು ಹೊಗುವ ಬಗೆ

ಏರು ಹತ್ತಿ ಬಂದ ಜೀಪಿನ ಹೌಸಿಂಗು ಕಾದಿರುತ್ತದೆ. ಹಾಗೇ ತಣ್ಣಗಿನ ತೋಡಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನದನ್ನು ಎಳೆದುಕೊಳ್ಳುತ್ತದೆ. ಇದಕ್ಕೆಂದೇ ಹೌಸಿಂಗಿನ ಮೇಲೆ ಉಸಿರಾಡುವ ಸಣ್ಣ ತೂತು ಉಂಟು, ಬ್ರೀದರ್ ಎನ್ನುತ್ತಾರೆ. ಅದು ಕೆಸರಿನಿಂದ ಮುಚ್ಚಿದ್ದರೆ ಎಳೆತ ಆಯಿಲ್ ಸೀಲಿನ ಮೇಲೆ ಬೀಳುತ್ತದೆ. ಸೀಲು ಎಣ್ಣೆ ಹೊರಗೆ ಬಾರದಂತೆ ತಡೆಯಲು ಮಾಡಿದ್ದು, ನೀರು ಒಳಗೆ ಬರುವುದನ್ನು ಚೆನ್ನಾಗಿ ತಡೆಯದು.

ಉಪಾಯ ಸುಲಭ. ಬ್ರೀದರನ್ನು ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಗಾಳಿ ಆಡುವಂತೆ ಮಾಡಿ. ಇನ್ನೂ ಒಳ್ಳೆಯದು, ಅಲ್ಲಿಗೆ ಎಣ್ಣೆ ತಡೆಯುವ ಸಣ್ಣ ರಬ್ಬರ್ ಟ್ಯೂಬು ಸಿಕ್ಕಿಸಿ ಬಾಡಿಯ ಎತ್ತರದವರೆಗೆ ಒಯ್ದು, ತುದಿ ಕೆಳಮುಖವಾಗಿ ಕಟ್ಟುವುದು. ಚಕ್ರ ಮೇಲೆ ಕೆಳಗೆ ಆಡುವಾಗ ಎಳೆಯದಷ್ಟು ಸಡಿಲ ಇಡಿ. ತೋಡಿನ ದಂಡೆಯಲ್ಲಿ ಐದು ನಿಮಿಷ ನಿಲ್ಲಿಸಿ ಇಳಿಸುವುದೂ ಒಂದು ಉಪಾಯವೇ, ಖರ್ಚಿಲ್ಲ.

ನೀರು ಹೊಕ್ಕಿದೆಯೋ ನೋಡುವುದು ಹೀಗೆ: ಜೀಪನ್ನು ಒಂದು ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಅಡಿಯ ಡ್ರೈನ್ ಪ್ಲಗ್ಗನ್ನು ತುಸು ಸಡಿಲಿಸಿ. ನೀರು ಭಾರ, ತಳದಲ್ಲಿರುತ್ತದೆ, ಇದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸಲೇಬೇಕು. "ಮಳೆ ಕಳೀಲಿ, ಮತ್ತೆ ನೋಡುವಾ" ಎಂದರೆ ಅಷ್ಟರಲ್ಲಿ ಬೇರಿಂಗು ತುಕ್ಕು ಹಿಡಿದು ಊಳಿಡತೊಡಗುತ್ತದೆ.

ಎಣ್ಣೆ ಇಳಿಸುವ ಮೊದಲು ತುಂಬಿಸುವ ಪ್ಲಗ್ಗು ಬಿಚ್ಚಿ ಬರುತ್ತದೋ ನೋಡಿಕೊಳ್ಳಿ. ಇಳಿಸಿಯಾದ ಮೇಲೆ ಮೇಲಿನದು ಬಾರದಿದ್ದರೆ ಜೀಪು ಅಲ್ಲಿಗೇ ಬಾಕಿ. ಸಾಮಾನ್ಯವಾಗಿ 90 ನಂಬರಿನ ಗೇರ್ ಆಯಿಲು. ಹೌಸಿಂಗಿನ ಪ್ಲಗ್ಗಿನ ತೂತಿನ ಅಂಚಿಗೆ ಎಣ್ಣೆ ಮುಟ್ಟಿದರೆ ಅಳತೆ ಸರಿ. ಹಿಂದಿನ ಹೌಸಿಂಗು, ಮುಂದಿನ ಹೌಸಿಂಗು, ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು ನಾಲ್ಕನ್ನೂ ಬೇರೆ ಬೇರೆಯಾಗಿ ನೋಡಿ. ಗೇರ್‌ಬಾಕ್ಸು ತುಂಬಿದೆ ಎಂದು ಟ್ರಾನ್ಸ್‌ಫರ್ ಕೇಸನ್ನು ಮರೆಯುವವರು ತುಂಬ ಮಂದಿ. ಗೇರ್‌ಬಾಕ್ಸಿನಲ್ಲಿ ಹಿತ್ತಾಳೆ ಜಾತಿಯ ಬಿಡಿಭಾಗಗಳಿರುವುದರಿಂದ ಹೌಸಿಂಗಿನ ಖಾರ ಎಣ್ಣೆಯನ್ನು ಕಣ್ಣು ಮುಚ್ಚಿ ಅಲ್ಲಿಗೆ ಸುರಿಯಬೇಡಿ. ಜೀಪಿನ ಪುಸ್ತಕದಲ್ಲಿ ಹೇಳಿದ ದರ್ಜೆಯದ್ದೇ ಕೇಳಿ ತನ್ನಿ.

ಎಂಜಿನು ನೀರು ಕುಡಿದರೆ

ಡೀಸೆಲ್ ಎಂಜಿನಿಗೆ ಕಿಡಿ ಬೇಡ. ಹಾಗಾಗಿ ನೀರಿನಲ್ಲೂ ಓಡುತ್ತದೆಂಬ ಧೈರ್ಯ. ಆದರೆ ಏರ್ ಕ್ಲೀನರಿನ ಬಾಯಿಗೆ ನೀರು ಹೋದರೆ ಅದು ಸಿಲಿಂಡರಿಗೆ ತಲಪುತ್ತದೆ. ಗಾಳಿಯನ್ನು ಹಿಚುಕಬಹುದು, ನೀರನ್ನು ಹಿಚುಕಲಾಗದು. ಕನೆಕ್ಟಿಂಗ್ ರಾಡು ಬಾಗುತ್ತದೆ. ತೋಡಿನ ಆಳ ಗೊತ್ತಿಲ್ಲದಿದ್ದರೆ ಒಬ್ಬರು ಇಳಿದು ಕೋಲು ಹಾಕಿ ನೋಡಲಿ. ನೀರು ಕೆಂಪಾಗಿ ಸೆಳೆತ ಇದ್ದರೆ ಯಾರೂ ಇಳಿಯುವುದು ಬೇಡ, ಜೀಪೂ ಬೇಡ. ದಾಟುವಾಗ ಸಣ್ಣ ಗೇರು, ಒಂದೇ ಸಮನೆಯ ವೇಗ. ನಡು ನೀರಿನಲ್ಲಿ ಎಂಜಿನು ನಿಂತರೆ ಸೆಲ್ಫ್ ಹೊಡೆಯಲೇಬೇಡಿ. ಎಳೆದು ಹೊರಗೆ ತಂದು, ಏರ್ ಕ್ಲೀನರು ಬಿಚ್ಚಿ ನೋಡಿ. ಒಳಗೆ ನೀರಿದ್ದರೆ ಇಂಜೆಕ್ಟರು ಅಥವಾ ಹೀಟರ್ ಪ್ಲಗ್ಗು ಬಿಚ್ಚಿ, ಫ್ಯಾನ್ ಕಡೆಯಿಂದ ಸ್ಪ್ಯಾನರಿನಲ್ಲಿ ಎಂಜಿನನ್ನು ನಿಧಾನ ತಿರುಗಿಸಿ ನೀರು ತೆಗೆಯಬೇಕು. ಎಂಜಿನ್ ಆಯಿಲೂ ಬದಲಾಗಬೇಕು.

ಹಳೆ ಜೀಪುಗಳಲ್ಲಿ ಎಣ್ಣೆ ಬಟ್ಟಲಿನ ಏರ್ ಕ್ಲೀನರು ಇರುತ್ತದೆ. ಒಳ್ಳೆಯ ವ್ಯವಸ್ಥೆ, ಬದಲಿಸುವ ಖರ್ಚಿಲ್ಲ. ಬಟ್ಟಲಿನ ತಳದಲ್ಲಿ ಕೆಸರು ಕೂತರೆ ಎಣ್ಣೆ ಚೆಲ್ಲಿ, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿ. ಗುರುತು ಮೀರಿ ತುಂಬಿದರೆ ಎಂಜಿನು ಆ ಎಣ್ಣೆಯನ್ನೇ ಹೀರಿ, ಕೀ ತೆಗೆದರೂ ನಿಲ್ಲದೆ ಹುಚ್ಚು ವೇಗದಲ್ಲಿ ಓಡಬಹುದು.

ಇನ್ನು ಡೀಸೆಲ್‌ಗೆ ಸೇರುವ ನೀರು. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಹನಿಗಟ್ಟುತ್ತದೆ. ಟ್ಯಾಂಕು ಆದಷ್ಟು ತುಂಬಿಡಿ. ಫಿಲ್ಟರಿನಡಿ ನೀರು ಬಿಡುವ ಸ್ಕ್ರೂ ಇದ್ದರೆ ವಾರಕ್ಕೊಮ್ಮೆ ಸಡಿಲಿಸಿ ಗಾಜಿನ ಲೋಟಕ್ಕೆ ಬಿಟ್ಟು ನೋಡಿ, ನೀರು ಕೆಳಗೆ ನಿಲ್ಲುತ್ತದೆ. ಇಂಜೆಕ್ಷನ್ ಪಂಪಿಗೆ ನೀರು ತಲಪಿದರೆ ಅದರ ರಿಪೇರಿ ಖರ್ಚಿನಲ್ಲಿ ಹತ್ತಾರು ಫಿಲ್ಟರು ಬರುತ್ತದೆ.

ಫಿಲ್ಟರು ಬದಲಿಸಿದಾಗ, ಡೀಸೆಲ್ ಖಾಲಿಯಾದಾಗ ಪೈಪಿನಲ್ಲಿ ಗಾಳಿ ಸೇರುತ್ತದೆ. ಗಾಳಿ ತೆಗೆಯುವುದನ್ನು ಮನೆಯಲ್ಲಿ ಇಬ್ಬರಿಗಾದರೂ ಕಲಿಸಿ. ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿ. ಗುಳ್ಳೆ ನಿಂತು ಬರೇ ಡೀಸೆಲ್ ಬಂದಾಗ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲಿ ಹಾಗೆಯೇ. ಮತ್ತೂ ಸ್ಟಾರ್ಟ್ ಆಗದಿದ್ದರೆ ಇಂಜೆಕ್ಟರಿನ ಪೈಪಿನ ನಟ್ಟು ತುಸು ಸಡಿಲಿಸಿ ಸೆಲ್ಫ್ ಕೊಟ್ಟು, ಡೀಸೆಲ್ ಬಂದ ಕೂಡಲೇ ಬಿಗಿ ಮಾಡಿ. ಆಗ ಕೈ, ಮುಖ ದೂರ ಇರಲಿ. ಇಂಜೆಕ್ಟರಿನ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಸೂಜಿಮೊನೆಯಷ್ಟೇ ಇದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬ್ರೇಕಿನಲ್ಲಿ ಜಿಪುಣತನ ಬೇಡ

ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಮಾಸ್ಟರ್ ಸಿಲಿಂಡರಿನಿಂದ ಒಂದೇ ದಾರಿ. ಒಂದು ಚಕ್ರದ ರಬ್ಬರ್ ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. ಹಿಂದೆ ಹತ್ತು ಮೂಟೆ, ಮುಂದೆ ಇಳಿಜಾರು. ಜೀಪಿನಲ್ಲಿ ಉಳಿದದ್ದೆಲ್ಲ ಮುಂದೂಡಬಹುದು, ಇದನ್ನಲ್ಲ.

ಪೆಡಲೇ ರೋಗ ಹೇಳುತ್ತದೆ. ಒತ್ತಿದರೆ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಉಂಟು. ಮೊದಲ ಸಲ ಕೆಳಗೆ ಹೋಗಿ ಎರಡನೇ ಸಲ ಗಟ್ಟಿಯಾದರೆ ಲೈನಿಂಗ್ ಸವೆದು ಅಡ್ಜಸ್ಟ್ ಮಾಡಲು ಬಾಕಿ. ಒತ್ತಿ ಹಿಡಿದಂತೆ ನಿಧಾನವಾಗಿ ಕೆಳಗಿಳಿದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೋತಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಹೀಗಾದರೆ ಆ ದಿನ ಜೀಪು ಹೊರಡಬಾರದು.

ಅಡ್ಜಸ್ಟ್ ಮಾಡಲು ಚಕ್ರ ಎತ್ತಿ, ಹಿಂಬದಿಯ ಪ್ಲೇಟಿನ ಅಡ್ಜಸ್ಟರನ್ನು ಚಕ್ರ ಬಿಗಿಯುವವರೆಗೆ ತಿರುಗಿಸಿ, ಮತ್ತೆ ಚಕ್ರ ಸಲೀಸಾಗಿ ತಿರುಗುವಷ್ಟೇ ಹಿಂದಕ್ಕೆ ಬಿಡಿ. ಗಾಳಿ ತೆಗೆಯಲು ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡಗಡೆಯಿಂದ ಶುರು ಮಾಡಿ. ನಿಪ್ಪಲಿಗೆ ಟ್ಯೂಬು ಸಿಕ್ಕಿಸಿ, ಅದರ ತುದಿ ಸೀಸೆಯಲ್ಲಿನ ಬ್ರೇಕ್ ಆಯಿಲಿನಲ್ಲಿ ಮುಳುಗಿರಲಿ. ಒಬ್ಬರು ಪೆಡಲು ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲು ಸಡಿಲಿಸಿ, ಪೆಡಲು ಬಿಡುವ ಮೊದಲೇ ಬಿಗಿ ಮಾಡಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೇ. ನಡುವೆ ಮಾಸ್ಟರ್ ಸಿಲಿಂಡರಿನ ಡಬ್ಬಿ ಖಾಲಿಯಾಗಬಾರದು.

ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಹವೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಇಡಬೇಡಿ. ಮುಚ್ಚಳ ತೆರೆದು ಆರು ತಿಂಗಳಾದ ಡಬ್ಬಿಯದ್ದನ್ನು ಹಾಕಬೇಡಿ. ಬ್ರೇಕಿನ ರಬ್ಬರನ್ನು ಡೀಸೆಲ್, ಸೀಮೆಎಣ್ಣೆ, ಪೆಟ್ರೋಲಿನಲ್ಲಿ ತೊಳೆಯಬಾರದು, ಊದಿಕೊಳ್ಳುತ್ತದೆ. ಬ್ರೇಕ್ ಆಯಿಲಿನಲ್ಲೇ ತೊಳೆಯಬೇಕು. ಹಳೆಯ ಲೈನಿಂಗಿನ ಧೂಳಿನಲ್ಲಿ ಕಲ್ನಾರು ಇರಬಹುದು, ಶ್ವಾಸಕೋಶಕ್ಕೆ ವಿಷ. ಬಾಯಿಯಲ್ಲಿ ಊದದೆ, ಒದ್ದೆ ಬಟ್ಟೆಯಲ್ಲಿ ಒರೆಸಿ.

ತೋಡು ದಾಟಿದ ಮೇಲೆ ಡ್ರಮ್ಮು ಒದ್ದೆ, ಬ್ರೇಕು ಹಿಡಿಯದು. ಪೆಡಲನ್ನು ಹಗುರ ಒತ್ತಿಕೊಂಡು ಸ್ವಲ್ಪ ದೂರ ಓಡಿಸಿದರೆ ಒಣಗುತ್ತದೆ. ಡ್ರಮ್ಮಿನೊಳಗೆ ಉಳಿದ ಮರಳು ಉಪ್ಪುಕಾಗದದಂತೆ ಉಜ್ಜುತ್ತದೆ. ಮಳೆ ಮುಗಿದ ಕೂಡಲೇ ನಾಲ್ಕೂ ಡ್ರಮ್ಮು ಬಿಚ್ಚಿ ತೊಳೆಯುವುದು ಕಡ್ಡಾಯ.

ಸ್ಟೇರಿಂಗು ನಡುಗಿದರೆ

ನಲವತ್ತು ಕಿಲೋಮೀಟರ್ ವೇಗಕ್ಕೆ ಬಂದಾಗ ಮುಂದಿನ ಚಕ್ರಗಳು ಹುಚ್ಚೆದ್ದು ಕುಣಿಯುವ ಕಾಯಿಲೆ ಹಳೆ ಜೀಪುಗಳಲ್ಲಿ ಸಾಮಾನ್ಯ. ಕಾರಣ ಒಂದೇ ಇರುವುದಿಲ್ಲ. ಟಯರಿನ ಗಾಳಿ ಹೆಚ್ಚು ಕಡಿಮೆ, ರಾಡ್ ಎಂಡ್ ಸವೆತ, ಕಿಂಗ್ ಪಿನ್ ಸಡಿಲ, ಶ್ಯಾಕಲ್ ಬುಷ್ ಸವೆತ, ಯು ಬೋಲ್ಟು ಸಡಿಲ. ಖರ್ಚಿಲ್ಲದ್ದರಿಂದ ಶುರು ಮಾಡಿ, ಒಂದೊಂದಾಗಿ ನೋಡುತ್ತ ಹೋಗಿ.

ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕು ಒತ್ತಲು ಹೇಳಿ. ಆಟ ನಿಂತರೆ ದೋಷ ಚಕ್ರದ ಬೇರಿಂಗಿನದು. ಮತ್ತೂ ಆಡಿದರೆ ಕಿಂಗ್ ಪಿನ್ನಿನದು. ಬೇರಿಂಗನ್ನು ಬಿಚ್ಚಿ ತೊಳೆದು, ಅಂಗೈಯಲ್ಲಿ ಗ್ರೀಸ್ ಇಟ್ಟು ರೋಲರುಗಳ ನಡುವೆ ತುಂಬುವವರೆಗೆ ಒತ್ತಿ. ನಟ್ಟು ಬಿಗಿಯುವಾಗ ಚಕ್ರ ತಿರುಗಿಸುತ್ತ ಬಿಗಿದು, ಆಮೇಲೆ ಸುಮಾರು ಆರನೇ ಒಂದು ಸುತ್ತು ಸಡಿಲಿಸಿ ಲಾಕ್ ಮಾಡಬೇಕು. ಅತಿ ಬಿಗಿಯಾದರೆ ಬೇರಿಂಗು ಸುಡುತ್ತದೆ.

ಜೀಪು ಏಡಿಯಂತೆ ಓರೆಯಾಗಿ ಓಡಿದರೆ ಸ್ಪ್ರಿಂಗಿನ ಸೆಂಟರ್ ಬೋಲ್ಟು ತುಂಡಾಗಿ ಹೌಸಿಂಗು ಜಾರಿರಬಹುದು. ಸೆಂಟರ್ ಬೋಲ್ಟು ತುಂಡಾಗಲು ಮುಖ್ಯ ಕಾರಣ ಯು ಬೋಲ್ಟು ಸಡಿಲಾಗುವುದು. ಪ್ಲೇಟು ಹೊಸತು ಹಾಕಿಸಿದ ಒಂದು ವಾರದ ಮೇಲೆ ಯು ಬೋಲ್ಟನ್ನು ಮತ್ತೊಮ್ಮೆ ಬಿಗಿ ಮಾಡಿ. ದಾರಿಯಲ್ಲಿ ಮೈನ್ ಪ್ಲೇಟು ತುಂಡಾದರೆ ಹೌಸಿಂಗು ಮತ್ತು ಚಾಸಿಸ್ ನಡುವೆ ಗಟ್ಟಿ ಮರದ ತುಂಡಿಟ್ಟು ಹಗ್ಗದಲ್ಲಿ ಬಿಗಿದು, ಹೊರೆ ಇಳಿಸಿ, ನಡಿಗೆಯ ವೇಗದಲ್ಲಿ ಮನೆ ಸೇರಬಹುದು. ಅಷ್ಟಕ್ಕೆ ಮಾತ್ರ.

ಫೋರ್ ವೀಲು ಕೆಸರಿಗೆ ಮಾತ್ರ

ಫೋರ್ ವೀಲ್ ಹಾಕಿದಾಗ ಹಳೆ ಜೀಪಿನ ಮುಂದಿನ, ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿಯಾಗಿ ಸೇರುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು. ಕೆಸರಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರದೆ ಗೇರು, ಕ್ರಾಸು, ಟಯರು ತಿರುಚಿಕೊಳ್ಳುತ್ತವೆ. ಲಿವರು ಹಿಂದಕ್ಕೆ ಬಾರದಷ್ಟು ಬಿಗಿಯುವುದು ಇದರಿಂದಲೇ. ಆಗ ಸ್ವಲ್ಪ ರಿವರ್ಸ್ ಹೋದರೆ ಬಿಡುತ್ತದೆ. ನಾಲ್ಕೂ ಟಯರು ಒಂದೇ ಅಳತೆಯವು, ಹೆಚ್ಚುಕಡಿಮೆ ಒಂದೇ ಸವೆತದವು ಇರಬೇಕು. ಬೇಸಗೆಯಲ್ಲೂ ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಹಾಕಿ ಓಡಿಸಿದರೆ ಮುಂದಿನ ಹಲ್ಲುಗಳಿಗೆ ಎಣ್ಣೆ ಹತ್ತುತ್ತದೆ, ಲಿವರು ಹಿಡಿದುಕೊಳ್ಳುವುದಿಲ್ಲ.

ತುಕ್ಕಿನ ಗೂಡುಗಳು

ಸುತ್ತಿಗೆಯ ಹಿಂಬದಿಯಲ್ಲಿ ಚಾಸಿಸ್ಸನ್ನು ಉದ್ದಕ್ಕೂ ಹಗುರ ಬಡಿಯುತ್ತ ಹೋಗಿ. "ಟಣ್" ಎಂದರೆ ಗಟ್ಟಿ, "ಡಬ್" ಎಂದರೆ ಒಳಗೆ ಮಣ್ಣು ಅಥವಾ ತುಕ್ಕು. ಬಾಡಿ ಕೂರುವ ಬೋಲ್ಟುಗಳ ಸುತ್ತ, ಶ್ಯಾಕಲ್ ಇರುವ ಮೂಲೆ, ಹಿಂದಿನ ಅಡ್ಡಪಟ್ಟಿ, ಕಾಲಡಿಯ ರಬ್ಬರ್ ಮ್ಯಾಟಿನ ಕೆಳಗೆ. ತುಕ್ಕು ಹಿಡಿಯುವುದು ನೀರು ಬಿದ್ದಲ್ಲಿ ಅಲ್ಲ, ಒದ್ದೆ ಮಣ್ಣು ನಿಂತಲ್ಲಿ. ಜೀಪಿನ ಮುಖ ತೊಳೆಯುವವರೇ ಹೆಚ್ಚು, ಹೊಟ್ಟೆ ತೊಳೆಯುವವರು ಕಡಿಮೆ. ಪಂಪಿನ ಪೈಪು ಹಿಡಿದು ಚಾಸಿಸ್‌ನ ತೂತುಗಳ ಒಳಗೂ ನೀರು ಹಾಯಿಸಿ ಮಣ್ಣು ಹೊರತನ್ನಿ. ನೀರಿಳಿಯುವ ತೂತು ಕಟ್ಟಿರದಂತೆ ನೋಡಿ.

ಒಣಗಿದ ಮೇಲೆ ವಯರ್ ಬ್ರಶ್ಶಿನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಒಂದು ಕೈ, ಅದರ ಮೇಲೆ ಕಪ್ಪು ಪೈಂಟು ಎರಡು ಕೈ. ಹಳೆ ಎಂಜಿನ್ ಆಯಿಲು ಬಳಿಯುವ ರೂಢಿ ನಮ್ಮಲ್ಲಿದೆ. ಅದು ರಬ್ಬರ್ ಬುಷ್, ಬ್ರೇಕ್ ಪೈಪುಗಳನ್ನು ಕೆಡಿಸುತ್ತದೆ, ಮಳೆಗೆ ತೊಳೆದು ಬಾವಿಗೂ ತೋಡಿಗೂ ಸೇರುತ್ತದೆ. ಚರ್ಮಕ್ಕೂ ಒಳ್ಳೆಯದಲ್ಲ. ಹಳೆ ಆಯಿಲನ್ನು ಕ್ಯಾನಿನಲ್ಲಿ ಕೂಡಿಟ್ಟು ಕೊಳ್ಳುವವರಿಗೆ ಕೊಡಿ, ತೋಟಕ್ಕೆ ಚೆಲ್ಲಬೇಡಿ. ಹಿಂದಿನ ಮರದ ಹಲಗೆಗೆ ಕರಾವಳಿಯವರು ದೋಣಿಗೆ ಬಳಿಯುವ ಗೇರುಸಿಪ್ಪೆ ಎಣ್ಣೆ ಆಗುತ್ತದೆ. ಕೈಗೆ ತಾಗಿದರೆ ಸುಡುತ್ತದೆ, ಗ್ಲೌಸು ಬೇಕು.

ತುಕ್ಕಿನ ಇನ್ನೊಂದು ಆಟ ಬ್ಯಾಟರಿಯ ಅರ್ಥಿಂಗಿನಲ್ಲಿ. ಬ್ಯಾಟರಿ ಹೊಸತು, ಸೆಲ್ಫ್ ಮೋಟಾರ್ ಒಳ್ಳೆಯದು, ಆದರೂ ಎಂಜಿನು ತಿರುಗುವುದು ನಿಧಾನ ಎಂದಾದರೆ ಎಂಜಿನಿನಿಂದ ಚಾಸಿಸ್ಸಿಗೆ ಹೋಗುವ ಅರ್ಥಿಂಗ್ ಪಟ್ಟಿ ನೋಡಿ. ಎರಡೂ ತುದಿ ಉಜ್ಜಿ ಬಿಗಿ ಮಾಡಿ, ವ್ಯಾಸಲೀನ್ ಹಚ್ಚಿ. ಇಷ್ಟು ನೋಡದೆ ಹೊಸ ಬ್ಯಾಟರಿ ಕೊಂಡವರಿದ್ದಾರೆ.

ನಾವು ಮುಟ್ಟಬಾರದ್ದು

ಇಂಜೆಕ್ಷನ್ ಪಂಪು ಮತ್ತು ಇಂಜೆಕ್ಟರಿನ ಒಳಭಾಗ, ಡಿಫರೆನ್ಷಿಯಲ್ಲಿನ ಹಲ್ಲು ಕೂರಿಸುವುದು, ಎಂಜಿನ್ ಬೋರು, ಚಾಸಿಸ್ ವೆಲ್ಡಿಂಗು. ಇವಕ್ಕೆ ಯಂತ್ರ, ಅಳತೆ, ಪಳಗಿದ ಕೈ ಬೇಕು. ಮನೆಯಲ್ಲಿ ಬಿಚ್ಚಿ ಗೋಣಿಯಲ್ಲಿ ತುಂಬಿ ಒಯ್ದರೆ ಮೇಸ್ತ್ರಿಗೂ ಕಷ್ಟ, ನಮಗೂ ಖರ್ಚು. ಸ್ಟೇರಿಂಗ್ ರಾಡಿಗೆ ವೆಲ್ಡಿಂಗು ಮಾಡಿಸಲೇಬಾರದು, ಹೊಸತೇ ಹಾಕಬೇಕು. ಒಬ್ಬ ನಂಬಿಗಸ್ತ ಮೇಸ್ತ್ರಿಯನ್ನು ಉಳಿಸಿಕೊಳ್ಳಿ. ಅವರು ಕೆಲಸ ಮಾಡುವಾಗ ಹತ್ತಿರ ನಿಂತು ನೋಡಿ, ಕೇಳಿ. ಅದಕ್ಕಿಂತ ದೊಡ್ಡ ಶಾಲೆ ಇಲ್ಲ.

ಕಾಗದಪತ್ರ

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಕೇಂದ್ರದ ನಿಯಮದಂತೆ ಕಾರು, ಜೀಪಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂ.ನಿಂದ 5,000 ರೂ.ಗೆ ಏರಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟಿನಲ್ಲಿ 10,000 ರೂ. ಮಾಡಿದರು. ಇಷ್ಟು ಕೊಟ್ಟು ತಪಾಸಣೆಗೆ ಒಯ್ದ ಜೀಪು ಬ್ರೇಕು, ಲೈಟಿನ ಕಾರಣಕ್ಕೆ ವಾಪಸು ಬರಬಾರದಷ್ಟೆ. ಎಂಜಿನು ಬದಲಿಸುವುದಾದರೆ ಆರ್‌ಟಿಒ ಒಪ್ಪಿಗೆ ಮೊದಲೇ ಬೇಕು. ಕಾಗದದಲ್ಲೊಂದು ನಂಬ್ರ, ಎಂಜಿನಿನಲ್ಲೊಂದು ಇದ್ದರೆ ಅಪಘಾತವಾದಾಗ ವಿಮೆಗೂ ತಕರಾರು.

ಗೋಡೆಗೆ ಅಂಟಿಸಿಡಲು

ವಾರಕ್ಕೊಮ್ಮೆ: ಎಂಜಿನ್ ಆಯಿಲು, ರೇಡಿಯೇಟರ್ ನೀರು, ಬ್ರೇಕ್ ಆಯಿಲಿನ ಮಟ್ಟ, ಟಯರಿನ ಗಾಳಿ, ಡೀಸೆಲ್ ಫಿಲ್ಟರಿನ ನೀರು. ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ಕಲೆ ಇದೆಯೇ ನೋಡುವುದು.

ತಿಂಗಳಿಗೊಮ್ಮೆ: ಗ್ರೀಸ್, ಬ್ಯಾಟರಿ ನೀರು, ಫ್ಯಾನ್ ಬೆಲ್ಟು (ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು), ಯು ಬೋಲ್ಟು, ಚಕ್ರದ ನಟ್ಟು.

ಮೇ ತಿಂಗಳಲ್ಲಿ: ಬ್ರೀದರ್, ವೈಪರ್, ಲೈಟು, ಬ್ರೇಕ್ ಅಡ್ಜಸ್ಟ್, ಅರ್ಥಿಂಗು, ಹೊಸ ಡೀಸೆಲ್ ಫಿಲ್ಟರು, ಟರ್ಪಾಲಿನ ತೂತು.

ಮಳೆ ಕಳೆದ ಮೇಲೆ: ನಾಲ್ಕೂ ಡ್ರಮ್ಮು, ಚಕ್ರದ ಬೇರಿಂಗು, ಹೌಸಿಂಗಿನ ಎಣ್ಣೆ, ಚಾಸಿಸ್ ತೊಳೆದು ಪೈಂಟು.

ಜೀಪಿನಲ್ಲಿ ಯಾವಾಗಲೂ: ಫ್ಯಾನ್ ಬೆಲ್ಟು, ಡೀಸೆಲ್ ಫಿಲ್ಟರು, ರೇಡಿಯೇಟರ್ ಹೋಸು, ಬ್ರೇಕ್ ಆಯಿಲು, ಬಲ್ಬು, ಫ್ಯೂಸು, ಬೈಂಡಿಂಗ್ ತಂತಿ, ಗಟ್ಟಿ ಹಗ್ಗ, ಟಾರ್ಚು, ಎರಡು ಮರದ ಗುಟ್ಟ.

ಮಾಡಿದ ಕೆಲಸದ ತಾರೀಕು ಪುಸ್ತಕದಲ್ಲಿ ಬರೆಯಿರಿ. ಬೋರ್ಡೋ ಸಿಂಪಡಣೆಗೆ ಲೆಕ್ಕ ಇಡುವ ನಮಗೆ ಇದೇನು ಹೊಸತಲ್ಲ. ಕೊಳೆರೋಗ ಬಂದ ಮೇಲೆ ಮದ್ದು ಬಿಟ್ಟರೆ ಎಷ್ಟು ಪ್ರಯೋಜನವೋ, ಹಲ್ಲು ಉದುರಿದ ಮೇಲೆ ಹೌಸಿಂಗಿಗೆ ಎಣ್ಣೆ ಹಾಕಿದರೂ ಅಷ್ಟೇ.